ಪಿಯುಸಿ ಬಯಾಲಜಿ ಆಯ್ತು, ಮುಂದೆ? ಕಾಂಬಿನೇಷನ್ ಆರಿಸುವ ಮುನ್ನ ಕೆಲಸ ನೋಡಿ

ದ್ವಿತೀಯ ಪಿಯುಸಿ ಫಲಿತಾಂಶ ಬಂತೆಂದರೆ ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಮನೆಗಳಲ್ಲಿ ಮೊದಲು ಕೇಳಿಬರುವುದು ನೀಟ್ ಮಾತು. ರ‍್ಯಾಂಕ್ ಬಂದರೆ ಎಂಬಿಬಿಎಸ್. ಬರದಿದ್ದರೆ ಇನ್ನೊಂದು ವರ್ಷ ಕೋಚಿಂಗ್. ಅದೂ ಕೈಗೂಡದಿದ್ದರೆ ಹತ್ತಿರದ ಕಾಲೇಜಿನಲ್ಲಿ ಸಿಕ್ಕಿದ ಬಿಎಸ್ಸಿ. ಹೀಗೆ ಅರೆಮನಸ್ಸಿನಿಂದ ಹಿಡಿದ ಸೀಟಿನಲ್ಲಿ ಮೂರು ವರ್ಷ ಕಳೆದ ಮಕ್ಕಳು ಕೊನೆಯ ಸೆಮಿಸ್ಟರ್‌ನಲ್ಲಿ ಬಂದು, ‘ಸರ್, ಇದಕ್ಕೆ ಏನು ಕೆಲಸ ಸಿಗುತ್ತೆ?’ ಎಂದು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ, ಆದರೆ ಮೂರು ವರ್ಷ ತಡವಾಗಿ. ಅದನ್ನು ಪ್ರವೇಶಕ್ಕೆ ಮೊದಲೇ ಕೇಳಿಕೊಳ್ಳುವ ಬಗೆ ಹೇಗೆಂದು ಇಲ್ಲಿ ಒಂದೊಂದೇ ಹಂತವಾಗಿ ನೋಡೋಣ.

ಹಂತ 1: ದಿನವಿಡೀ ಯಾವ ಕೆಲಸ ಮಾಡಬೇಕೆಂದಿದ್ದೀರಿ?

ಕೋರ್ಸಿನ ಹೆಸರು ಬದಿಗಿಡಿ. ನಮ್ಮದೇ ಜಿಲ್ಲೆಯ ಒಂದು ಕಾಯಿಲೆಯನ್ನು ತೆಗೆದುಕೊಳ್ಳಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲ ಬಾರಿಗೆ ಪತ್ತೆಯಾಗಿ, ಆ ಕಾಡಿನ ಹೆಸರಿನಲ್ಲೇ ಜಗತ್ತಿಗೆ ಪರಿಚಯವಾದ ಮಂಗನ ಕಾಯಿಲೆ ಅದು. ಬೇಸಿಗೆ ಶುರುವಾಗುವ ಹೊತ್ತಿಗೆ ಕಾಡಂಚಿನ ಊರಿನಲ್ಲಿ ಒಂದು ಮಂಗ ಸತ್ತು ಬಿದ್ದರೆ ಎಷ್ಟು ಬಗೆಯ ಜೀವಶಾಸ್ತ್ರ ಒಟ್ಟಿಗೆ ಕೆಲಸಕ್ಕೆ ಇಳಿಯುತ್ತದೆ ನೋಡಿ.

ಸುದ್ದಿ ಮೊದಲು ತಲುಪುವುದು ಅರಣ್ಯ ಮತ್ತು ಆರೋಗ್ಯ ಇಲಾಖೆಯವರಿಗೆ. ಪಶುವೈದ್ಯರು ರಕ್ಷಣಾ ಉಡುಪು ತೊಟ್ಟು ಮರಣೋತ್ತರ ಪರೀಕ್ಷೆ ಮಾಡಿ ಮಾದರಿ ತೆಗೆಯುತ್ತಾರೆ. ಇನ್ನೊಂದು ತಂಡ ಬಿಳಿ ಬಟ್ಟೆ ಹಿಡಿದು ಕಾಡಿನ ದರಗಿನ ಮೇಲೆ ಮೆಲ್ಲಗೆ ಎಳೆಯುತ್ತಾ ಹೋಗುತ್ತದೆ. ದರಗೆಲೆಯ ಮೇಲೆ ಕಾದು ಕುಳಿತ, ಈ ಕಾಯಿಲೆ ಹರಡುವ ಉಣುಗಿನ ಮರಿಗಳು ಬಟ್ಟೆಗೆ ಹತ್ತಿಕೊಳ್ಳುತ್ತವೆ. ಸಾಸಿವೆಗಿಂತ ಚಿಕ್ಕವಾದ ಅವನ್ನು ಚಿಮುಟದಿಂದ ಒಂದೊಂದಾಗಿ ಬಿಡಿಸಿ, ಸೀಸೆಗೆ ಹಾಕಿ, ಜಾಗ ಮತ್ತು ತಾರೀಕು ಬರೆದು, ಆಮೇಲೆ ಸೂಕ್ಷ್ಮದರ್ಶಕದ ಕೆಳಗಿಟ್ಟು ಜಾತಿ ಗುರುತಿಸುವುದು ಕೀಟಶಾಸ್ತ್ರ ಬಲ್ಲವರ ಕೆಲಸ. ಜ್ವರ ಬಂದವರ ರಕ್ತ ತೆಗೆಯುವವರು ಲ್ಯಾಬ್ ಟೆಕ್ನಿಷಿಯನ್. ಆ ಮಾದರಿಯಲ್ಲಿ ವೈರಸ್ಸಿನ ಆರ್‌ಎನ್‌ಎ ಇದೆಯೇ ಎಂದು ಆರ್‌ಟಿ-ಪಿಸಿಆರ್‌ನಲ್ಲಿ ನೋಡುವವರು ಮೈಕ್ರೋಬಯಾಲಜಿ ಕಲಿತವರು. ಕಾಡು ಒಡೆದು ತೋಟ, ರಸ್ತೆ ಆದ ಕಡೆ ಕಾಯಿಲೆ ಹೇಗೆ ಹರಡುತ್ತದೆ ಎಂದು ವರ್ಷಗಟ್ಟಲೆ ಅಂಕಿಅಂಶ ಕೂಡಿಸುವವರು ಪರಿಸರ ವಿಜ್ಞಾನಿಗಳು. ಸುತ್ತಲ ಊರಿನವರಿಗೆ ಉಣುಗು ಹತ್ತದಂತೆ ತಡೆಯುವ ಡೆಪಾ ಎಣ್ಣೆ ಕೊಟ್ಟು, ಅದನ್ನು ಹಚ್ಚಿಕೊಂಡೇ ಕಾಡಿಗೆ ಹೋಗಿ ಎಂದು ಮನವೊಲಿಸುವವರು ಆರೋಗ್ಯ ಕಾರ್ಯಕರ್ತರು.

ಇಷ್ಟರಲ್ಲಿ ನಿಮಗೆ ಯಾವುದು ಹಿಡಿಸಿತು? ಕಾಡಿನಲ್ಲಿ ನಡೆಯುವುದೋ, ಎಸಿ ಕೋಣೆಯಲ್ಲಿ ಪಿಪೆಟ್ ಹಿಡಿಯುವುದೋ, ಪ್ರಾಣಿಯ ಮೈಗೆ ಕೈ ಹಚ್ಚುವುದೋ, ಜನರೊಂದಿಗೆ ಮಾತನಾಡುವುದೋ? ಪದವಿಯ ಆಯ್ಕೆ ಶುರುವಾಗಬೇಕಾದ್ದು ಇಲ್ಲಿಂದ. ರಕ್ತ ಕಂಡರೆ ತಲೆ ಸುತ್ತುವ ಹುಡುಗನನ್ನು ನರ್ಸಿಂಗ್‌ಗೆ ತಳ್ಳುವುದು, ಗದ್ದೆ ಬದುವಿನ ಮೇಲೆಯೇ ಬೆಳೆದ ಹುಡುಗಿಯನ್ನು ನಾಲ್ಕು ಗೋಡೆಯ ಲ್ಯಾಬಿಗೆ ಕಳಿಸುವುದು ಎರಡೂ ಅನ್ಯಾಯ.

ಹಂತ 2: ಅಧಿಸೂಚನೆಯ ಅರ್ಹತೆ ಸಾಲನ್ನು ಈಗಲೇ ಓದಿ

ಇದು ಎಲ್ಲಕ್ಕಿಂತ ಮುಖ್ಯ. ಇದನ್ನು ಮಾಡುವವರೂ ಬಹಳ ಕಡಿಮೆ. ನಿಮ್ಮ ಕಣ್ಣಿರುವ ಹುದ್ದೆಯ ಹಳೆಯ ನೇಮಕಾತಿ ಅಧಿಸೂಚನೆಯೊಂದನ್ನು ಇಳಿಸಿಕೊಂಡು, ‘ವಿದ್ಯಾರ್ಹತೆ’ ಎಂಬ ಭಾಗವನ್ನು ಬೆರಳಿಟ್ಟು ಓದಿ.

ಭಾರತೀಯ ಅರಣ್ಯ ಸೇವೆಯನ್ನೇ ನೋಡಿ. ಯುಪಿಎಸ್‌ಸಿ ಕೇಳುವುದು ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ರಸಾಯನಶಾಸ್ತ್ರ, ಭೂವಿಜ್ಞಾನ, ಗಣಿತ, ಭೌತಶಾಸ್ತ್ರ, ಸಂಖ್ಯಾಶಾಸ್ತ್ರ, ಪಶುಸಂಗೋಪನೆ ಮತ್ತು ಪಶುವೈದ್ಯಕೀಯ ಇವುಗಳಲ್ಲಿ ಒಂದಾದರೂ ಇರುವ ಪದವಿ. ಇಲ್ಲವೇ ಕೃಷಿ, ಅರಣ್ಯಶಾಸ್ತ್ರ ಅಥವಾ ಎಂಜಿನಿಯರಿಂಗ್ ಪದವಿ. ಬಯೋಟೆಕ್ನಾಲಜಿ, ಮೈಕ್ರೋಬಯಾಲಜಿ, ಬಯೋಕೆಮಿಸ್ಟ್ರಿ ಈ ಮೂರೂ ಆ ಪಟ್ಟಿಯಲ್ಲಿಲ್ಲ. ಅಂದರೆ ಈ ಮೂರನ್ನಷ್ಟೇ ಓದಿದ ಬಿಎಸ್ಸಿ ಪದವೀಧರರು ಎಷ್ಟೇ ಬುದ್ಧಿವಂತರಾಗಿದ್ದರೂ ಆ ಪರೀಕ್ಷೆಗೆ ಕೂರಲಾಗದು. ಜೊತೆಗೆ ಬಾಟನಿಯನ್ನೋ ಜುವಾಲಜಿಯನ್ನೋ ಕೆಮಿಸ್ಟ್ರಿಯನ್ನೋ ಇಟ್ಟುಕೊಂಡಿದ್ದರೆ ದಾರಿ ತೆರೆದೇ ಇರುತ್ತದೆ.

ಇದಕ್ಕೆ ತದ್ವಿರುದ್ಧ ಉದಾಹರಣೆ ಆಹಾರ ಸುರಕ್ಷತಾ ಅಧಿಕಾರಿಯ ಹುದ್ದೆ. ಅದಕ್ಕೆ ಆಹಾರ ತಂತ್ರಜ್ಞಾನ, ಡೇರಿ ತಂತ್ರಜ್ಞಾನ, ಬಯೋಟೆಕ್ನಾಲಜಿ, ಕೃಷಿ ವಿಜ್ಞಾನ, ಪಶುವೈದ್ಯಕೀಯ, ಬಯೋಕೆಮಿಸ್ಟ್ರಿ, ಮೈಕ್ರೋಬಯಾಲಜಿಯಂಥ ಪದವಿಗಳು ನಡೆಯುತ್ತವೆ. ಬರೀ ಬಾಟನಿ, ಜುವಾಲಜಿ ಅಲ್ಲಿ ಸಾಲುವುದಿಲ್ಲ. ಪ್ರೌಢಶಾಲೆಯ ವಿಜ್ಞಾನ ಶಿಕ್ಷಕರ ಹುದ್ದೆಗಳನ್ನು ಪಿಸಿಎಂ, ಸಿಬಿಜೆಡ್ ಎಂದು ವಿಂಗಡಿಸುವುದು ರೂಢಿ. ಮೇಷ್ಟರಾಗುವ ಆಸೆಯಿದ್ದವರಿಗೆ ಕೆಮಿಸ್ಟ್ರಿ, ಬಾಟನಿ, ಜುವಾಲಜಿ ಎಂಬ ಹಳೆಯ ಜೋಡಣೆಯೇ ಈಗಲೂ ಭದ್ರ. ಅದರ ಮೇಲೆ ಬಿಎಡ್ ಮಾಡಬೇಕು.

ಇನ್ನೊಂದು ಮಾತನ್ನು ಪೋಷಕರಿಗೆ ಒತ್ತಿ ಹೇಳಬೇಕು. ಬಿಎಸ್ಸಿ ಮೈಕ್ರೋಬಯಾಲಜಿ ಮಾಡಿದರೆ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಖಚಿತ ಎಂದು ಎಷ್ಟೋ ಮಂದಿ ನಂಬಿದ್ದಾರೆ. ಆಸ್ಪತ್ರೆಗಳು ಟೆಕ್ನಿಷಿಯನ್ ಹುದ್ದೆಗೆ ಸಾಮಾನ್ಯವಾಗಿ ಕೇಳುವುದು ವೈದ್ಯಕೀಯ ಲ್ಯಾಬ್ ತಂತ್ರಜ್ಞಾನದ ಡಿಪ್ಲೊಮಾ (ಡಿಎಂಎಲ್‌ಟಿ) ಅಥವಾ ಅದೇ ವಿಷಯದ ಬಿಎಸ್ಸಿ (ಎಂಎಲ್‌ಟಿ). ಆಸ್ಪತ್ರೆಯ ಕೆಲಸವೇ ಬೇಕೆಂದಿದ್ದರೆ ಆ ಕೋರ್ಸಿಗೇ ನೇರವಾಗಿ ಸೇರುವುದು ಲೇಸು.

ಹಂತ 3: ಸಿಇಟಿಯಲ್ಲಿ ಬಯಾಲಜಿ ಪತ್ರಿಕೆ ಬಿಡಬೇಡಿ

ಎಂಜಿನಿಯರಿಂಗ್ ಮೇಲೆ ಕಣ್ಣಿಟ್ಟ ಪಿಸಿಎಂಬಿ ಮಕ್ಕಳಲ್ಲಿ ಕೆಲವರು ಸಿಇಟಿಯ ಬಯಾಲಜಿ ಪತ್ರಿಕೆಯನ್ನು ಬರೆಯದೆ ಬಿಡುತ್ತಾರೆ. ಹಾಗೆ ಬಿಟ್ಟರೆ ಕೃಷಿ ವಿಜ್ಞಾನಗಳ ಇಡೀ ಬಾಗಿಲು ಮುಚ್ಚಿದಂತೆ. ಬಿಎಸ್ಸಿ ಕೃಷಿ, ತೋಟಗಾರಿಕೆ, ಅರಣ್ಯಶಾಸ್ತ್ರ, ರೇಷ್ಮೆ, ಮೀನುಗಾರಿಕೆ ಪದವಿಗಳೆಲ್ಲ ನಾಲ್ಕು ವರ್ಷದವು. ಇವಕ್ಕೆ ನೀಟ್ ಬೇಡ, ಸಿಇಟಿ ರ‍್ಯಾಂಕ್ ಸಾಕು.

ಮಲೆನಾಡಿನವರಿಗೆ ಇಲ್ಲಿರುವ ಅನುಕೂಲ ದೊಡ್ಡದು. ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ 2012ರಲ್ಲಿ ಶುರುವಾಯಿತು. ಅದರ ಮುಖ್ಯ ಆವರಣ ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲಿದೆ. ಶಿವಮೊಗ್ಗದ ನವುಲೆಯಲ್ಲಿ ಕೃಷಿ ಕಾಲೇಜು, ಮೂಡಿಗೆರೆಯಲ್ಲಿ ತೋಟಗಾರಿಕೆ ಕಾಲೇಜು, ಕೊಡಗಿನ ಪೊನ್ನಂಪೇಟೆಯಲ್ಲಿ ಅರಣ್ಯ ಕಾಲೇಜು ಇವೆ. ಅರಣ್ಯಶಾಸ್ತ್ರಕ್ಕೆ ಶಿರಸಿಯೂ ಇದೆ, ಅದು ಧಾರವಾಡ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಮೀನುಗಾರಿಕೆಗೆ ಮಂಗಳೂರು. ಪಶುವೈದ್ಯಕೀಯ ಕಾಲೇಜು ಶಿವಮೊಗ್ಗದಲ್ಲೇ ಇದೆ. ಆ ಪದವಿ ಒಂದು ವರ್ಷದ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ.

ಅಪ್ಪ ಅಮ್ಮ ತೋಟ, ಗದ್ದೆ ಮಾಡುವವರಾದರೆ ಕೃಷಿಕರ ಕೋಟಾ ಇದೆ. ಅದಕ್ಕೆ ದಾಖಲೆ ಪತ್ರಗಳ ಜೊತೆಗೆ ಪ್ರಾಯೋಗಿಕ ಪರೀಕ್ಷೆಯೂ ಇರುತ್ತದೆ. ಬೀಜ, ಗೊಬ್ಬರ, ಕಳೆ, ಸಲಕರಣೆ ನೋಡಿ ಗುರುತಿಸುವುದು ಅದರ ತಿರುಳು. ಮಲೆನಾಡಿನ ಮಕ್ಕಳು ಅಡಿಕೆ, ಕಾಳುಮೆಣಸು, ಏಲಕ್ಕಿಯಲ್ಲಿ ಗಟ್ಟಿಗರು. ಆದರೆ ಜೋಳ, ತೊಗರಿ, ಹತ್ತಿ, ಸೂರ್ಯಕಾಂತಿಯ ಮುಂದೆ ತಡವರಿಸುತ್ತಾರೆ. ಹೋಗುವ ಮುನ್ನ ಹತ್ತಿರದ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಬಯಲುಸೀಮೆಯ ಬೆಳೆಗಳ ಬೀಜಗಳನ್ನು ಕೈಯಲ್ಲಿ ಹಿಡಿದು ನೋಡಿಬನ್ನಿ.

ಈ ಪದವಿಗಳಿಂದ ಕೃಷಿ ಅಧಿಕಾರಿ, ತೋಟಗಾರಿಕೆ ಅಧಿಕಾರಿ, ಬ್ಯಾಂಕಿನ ಕೃಷಿ ಕ್ಷೇತ್ರಾಧಿಕಾರಿ, ಬೀಜ ಮತ್ತು ಗೊಬ್ಬರ ಕಂಪನಿಗಳ ಕೆಲಸ, ಮುಂದೆ ಓದಿದರೆ ಸಂಶೋಧನೆ ಎಲ್ಲವೂ ತೆರೆದಿರುತ್ತವೆ. ವಲಯ ಅರಣ್ಯಾಧಿಕಾರಿ ನೇಮಕದಲ್ಲಿ ಅರಣ್ಯಶಾಸ್ತ್ರ ಪದವೀಧರರಿಗೆಂದೇ ಮೀಸಲು ಪಾಲಿದೆ. ನನ್ನನ್ನು ಕೇಳಿದರೆ, ಸಿಇಟಿ ರ‍್ಯಾಂಕ್ ಕೈಗೆಟುಕುವಂತಿದ್ದು ಹೊರಗಿನ ಕೆಲಸ ಇಷ್ಟವಿದ್ದರೆ, ಎರಡನೇ ಸಲ ನೀಟ್ ಬರೆಯುವುದಕ್ಕಿಂತ ಈ ಸೀಟು ಹಿಡಿಯುವುದೇ ಮೇಲು.

ಬಿಎಸ್ಸಿ ನರ್ಸಿಂಗ್ ಕೂಡ ಈಗ ಸಿಇಟಿ ಮೂಲಕವೇ. ಆಯುರ್ವೇದಕ್ಕೆ ಮಾತ್ರ ನೀಟ್ ಬೇಕು. ಶಿವಮೊಗ್ಗದಲ್ಲೇ ಸರ್ಕಾರಿ ಆಯುರ್ವೇದ ಕಾಲೇಜಿದೆ.

ಹಂತ 4: ಮೂರು ವರ್ಷದ ಬಿಎಸ್ಸಿಯಾದರೆ ಲ್ಯಾಬ್ ನೋಡಿ ಸೇರಿ

ರಾಜ್ಯದಲ್ಲಿ 2024-25ರಿಂದ ಮೂರು ವರ್ಷದ ಪದವಿ ಮರಳಿ ಬಂದಿದೆ. ಕುವೆಂಪು ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿ, 1940ರಲ್ಲಿ ಆರಂಭವಾದ ಶಿವಮೊಗ್ಗದ ಸಹ್ಯಾದ್ರಿಯಿಂದ ಹಿಡಿದು ಸಾಗರ, ತೀರ್ಥಹಳ್ಳಿಯ ಕಾಲೇಜುಗಳವರೆಗೆ ಬಿಎಸ್ಸಿ ಓದಬಹುದು. ಯಾವ ಕಾಲೇಜಿನಲ್ಲಿ ಯಾವ ಕಾಂಬಿನೇಷನ್ ಈ ವರ್ಷ ನಡೆಯುತ್ತದೆ ಎಂಬುದನ್ನು ಖುದ್ದು ಹೋಗಿ ಕೇಳಿ. ಮಕ್ಕಳು ಸಾಕಷ್ಟು ಸೇರದಿದ್ದರೆ ಕೆಲವು ಕಾಂಬಿನೇಷನ್ ನಡೆಯುವುದೇ ಇಲ್ಲ.

ಹೋದಾಗ ಪ್ರಾಸ್ಪೆಕ್ಟಸ್ ತೆಗೆದುಕೊಂಡು ಹಾಗೇ ವಾಪಸ್ ಬರಬೇಡಿ. ಲ್ಯಾಬ್ ತೋರಿಸಿ ಎಂದು ಕೇಳಿ. ಸೂಕ್ಷ್ಮದರ್ಶಕ ಎಷ್ಟು ಮಕ್ಕಳಿಗೆ ಒಂದು? ಬಿಸಿ ಹಬೆಯಿಂದ ಸಲಕರಣೆಗಳನ್ನು ರೋಗಾಣುಮುಕ್ತ ಮಾಡುವ ಆಟೋಕ್ಲೇವ್ ಕೆಲಸ ಮಾಡುತ್ತಿದೆಯೇ? ಪ್ರಾಯೋಗಿಕ ತರಗತಿ ವಾರಕ್ಕೆ ಎಷ್ಟು? ಖಾಯಂ ಅಧ್ಯಾಪಕರು ಯಾರಿದ್ದಾರೆ? ಬಯೋಟೆಕ್ನಾಲಜಿ ಎಂಬ ಫಲಕ ಹಾಕಿ ಪಿಸಿಆರ್ ಯಂತ್ರವನ್ನೇ ತೋರಿಸದ ಕಡೆ ಸೇರುವುದಕ್ಕಿಂತ, ಒಳ್ಳೆಯ ಮೇಷ್ಟರಿರುವ ಸಾದಾ ಬಾಟನಿ ವಿಭಾಗ ನೂರು ಪಾಲು ಮೇಲು.

ಬಾಟನಿ ಎಂದರೆ ಮೂಗು ಮುರಿಯುವವರಿಗೆ ಮನೆಯ ತೋಟದಲ್ಲೇ ಉತ್ತರವಿದೆ. ಮಳೆಗಾಲದಲ್ಲಿ ಕೊಳೆ ತಗುಲಿ ಉದುರಿದ ಒಂದು ಅಡಿಕೆ ಕಾಯಿಯನ್ನು ಒದ್ದೆ ಕಾಗದ ಹಾಸಿದ ಮುಚ್ಚಳದ ತಟ್ಟೆಯಲ್ಲಿಟ್ಟರೆ ಕೆಲವೇ ದಿನಕ್ಕೆ ಬಿಳಿ ಬೂಸು ಹಬ್ಬುತ್ತದೆ. ಅದರ ಚೂರೊಂದನ್ನು ಹನಿ ನೀರಿನಲ್ಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನಿಂಬೆಕಾಯಿಯ ಆಕಾರದ ಸಣ್ಣ ಚೀಲಗಳು ಕಾಣುತ್ತವೆ. ಕೊಳೆ ತರುವ ಫೈಟಾಫ್ತೊರ ಎಂಬ ಸೂಕ್ಷ್ಮಜೀವಿಯ ಬೀಜಕ ಚೀಲಗಳವು. ತಣ್ಣನೆಯ ನೀರು ತಾಗಿದರೆ ಚೀಲ ಒಡೆದು, ಎರಡೆರಡು ಕಶಾಂಗಗಳಿರುವ ಬೀಜಕಗಳು ಹೊರಬಿದ್ದು ಈಜತೊಡಗುತ್ತವೆ. ಎಡೆಬಿಡದ ಜಡಿಮಳೆಯಲ್ಲೇ ಕೊಳೆ ಯಾಕೆ ಹರಡುತ್ತದೆ, ಮಳೆಗೆ ಮೊದಲೇ ಬೋರ್ಡೋ ದ್ರಾವಣ ಯಾಕೆ ಹೊಡೆಯಬೇಕು ಎಂಬುದು ಆಗ ಕಣ್ಣಿಗೇ ಕಾಣುತ್ತದೆ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲೇ ಈ ರೋಗದ ಅಧ್ಯಯನ ಪ್ರಕಟಿಸಿದ್ದರು. ಈಗ ತೋಟಗಳನ್ನು ಕಂಗೆಡಿಸಿರುವ ಎಲೆಚುಕ್ಕೆ ರೋಗಕ್ಕೆ ಶಿಲೀಂಧ್ರ ಕಾರಣ. ಸಸ್ಯರೋಗ ಶಾಸ್ತ್ರ ಬಲ್ಲ ಊರ ಮಕ್ಕಳು ಇವತ್ತು ಮಲೆನಾಡಿಗೆ ಎಷ್ಟು ಬೇಕಾಗಿದ್ದಾರೆಂದು ಅಡಿಕೆ ಬೆಳೆಗಾರರನ್ನು ಕೇಳಿ.

ಕಾಂಬಿನೇಷನ್ ಬಗ್ಗೆ ನನ್ನ ಸಲಹೆ ಇಷ್ಟೇ: ಬಯೋಟೆಕ್ನಾಲಜಿಯೋ ಮೈಕ್ರೋಬಯಾಲಜಿಯೋ ಬೇಕೆಂದರೆ ತೆಗೆದುಕೊಳ್ಳಿ, ಆದರೆ ಬಾಟನಿ, ಜುವಾಲಜಿ, ಕೆಮಿಸ್ಟ್ರಿಗಳಲ್ಲಿ ಒಂದನ್ನಾದರೂ ಕೈಬಿಡದಿರಿ. ಎಂಎಸ್ಸಿ ಬಯೋಟೆಕ್ನಾಲಜಿಗೆ ಹಲವು ಜೀವವಿಜ್ಞಾನ ವಿಷಯದವರನ್ನು ಸೇರಿಸಿಕೊಳ್ಳುತ್ತಾರೆ. ಎಂಎಸ್ಸಿ ಬಾಟನಿಗೋ ಜುವಾಲಜಿಗೋ ಸಾಮಾನ್ಯವಾಗಿ ಆಯಾ ವಿಷಯವನ್ನು ಪದವಿಯಲ್ಲಿ ಓದಿರಲೇಬೇಕು.

ಸಂಶೋಧನೆಯೇ ಗುರಿ ಎನ್ನುವವರು ಪಿಯುಸಿಯಲ್ಲಿದ್ದಾಗಲೇ ಕೇಂದ್ರ ಸರ್ಕಾರದ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳಾದ ಐಸರ್‌ಗಳ ಪ್ರವೇಶ ಪರೀಕ್ಷೆ ಬರೆಯಬಹುದು. ಅಲ್ಲಿ ಐದು ವರ್ಷದ ಬಿಎಸ್-ಎಂಎಸ್ ಇದೆ. ನಮ್ಮ ಕಡೆಯ ಮಕ್ಕಳಿಗೆ ಈ ಪರೀಕ್ಷೆಯ ಹೆಸರೇ ಗೊತ್ತಿರುವುದಿಲ್ಲ ಎಂಬುದು ನೋವಿನ ಸಂಗತಿ.

ಹಂತ 5: ಪದವಿಯ ನಂತರದ ಪರೀಕ್ಷೆಗೆ ಎರಡನೇ ವರ್ಷದಲ್ಲೇ ತಯಾರಿ

ಮೂರು ವರ್ಷದ ಬಿಎಸ್ಸಿಯೊಂದರಿಂದ ಸಿಗುವ ಕೆಲಸಗಳಿವೆ: ಬೆಂಗಳೂರಿನ ಬೊಮ್ಮಸಂದ್ರ, ಜಿಗಣಿ ಕಡೆಯ ಔಷಧ ಕಂಪನಿಗಳಲ್ಲಿ ಗುಣಮಟ್ಟ ಪರೀಕ್ಷೆ, ಆಹಾರ ಪರೀಕ್ಷಾ ಲ್ಯಾಬು, ಆಸ್ಪತ್ರೆ ದಾಖಲೆಗಳಲ್ಲಿನ ರೋಗ, ಚಿಕಿತ್ಸೆಗಳಿಗೆ ಸಂಕೇತ ಹಾಕುವ ಮೆಡಿಕಲ್ ಕೋಡಿಂಗ್. ಶುರುವಿನ ಸಂಬಳ ದೊಡ್ಡದಲ್ಲ. ಮೇಲೇರಲು ಎಂಎಸ್ಸಿ ಬೇಕಾಗುತ್ತದೆ.

ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ಬಯೋಟೆಕ್ನಾಲಜಿ, ಮೈಕ್ರೋಬಯಾಲಜಿ, ಬಯೋಕೆಮಿಸ್ಟ್ರಿ, ಪರಿಸರ ವಿಜ್ಞಾನದ ಸ್ನಾತಕೋತ್ತರ ವಿಭಾಗಗಳಿವೆ. ವನ್ಯಜೀವಿ ನಿರ್ವಹಣೆಯ ವಿಭಾಗವೂ ಇದೆ. ಭದ್ರಾ ಹುಲಿ ಮೀಸಲು ಪ್ರದೇಶದ ಮಗ್ಗುಲಲ್ಲೇ ಇರುವ ವಿಶ್ವವಿದ್ಯಾಲಯಕ್ಕೆ ಇದು ಒಪ್ಪುವಂಥದ್ದೇ. ಎಂಎಸ್ಸಿಗೆ ಹೊರಗೆ ಹೋಗುವವರಿಗೆ ಕೇಂದ್ರೀಯ ವಿಶ್ವವಿದ್ಯಾಲಯಗಳ ಸಿಯುಇಟಿ-ಪಿಜಿ, ಬಯೋಟೆಕ್ನಾಲಜಿಗೆ ಗ್ಯಾಟ್-ಬಿ ಮತ್ತು ಐಐಟಿಗಳ ಜ್ಯಾಮ್ ಪರೀಕ್ಷೆಗಳಿವೆ. ಎಂಎಸ್ಸಿ ನಂತರ ಸಿಎಸ್‌ಐಆರ್-ನೆಟ್ ಅಥವಾ ಕೆ-ಸೆಟ್ ಪಾಸಾದರೆ ಪದವಿ ಕಾಲೇಜಿನ ಅಧ್ಯಾಪಕ ಹುದ್ದೆಗೆ ಅರ್ಹತೆ ಬರುತ್ತದೆ.

ವನ್ಯಜೀವಿ ಅಧ್ಯಯನದ ಆಸೆಯವರಿಗೆ ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆ, ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ (ಎನ್‌ಸಿಬಿಎಸ್) ಎರಡೂ ಕಡೆ ಎಂಎಸ್ಸಿ ಇದೆ. ಸೀಟು ಬೆರಳೆಣಿಕೆಯಷ್ಟು, ಪೈಪೋಟಿ ಇಡೀ ದೇಶದವರೊಂದಿಗೆ. ಅಲ್ಲಿ ಅಂಕಪಟ್ಟಿಯಷ್ಟೇ ತೂಕ ಕ್ಷೇತ್ರಾನುಭವಕ್ಕೂ ಇದೆ. ಮಲೆನಾಡಿನವರ ಬಲ ಇರುವುದು ಇದರಲ್ಲೇ. ಮಂಡಗದ್ದೆ, ಗುಡವಿ ಪಕ್ಷಿಧಾಮಗಳ ಹಕ್ಕಿಗಳನ್ನು ಒಂದು ಇಡೀ ಋತು ಎಣಿಸಿ, ದಿನ, ಹೊತ್ತು, ಸಂಖ್ಯೆ ಬರೆದಿಟ್ಟ ನೋಟ್‌ಬುಕ್ ಸಂದರ್ಶನದಲ್ಲಿ ಮಾತಾಡುತ್ತದೆ. ಕಾಳಿಂಗ ಸರ್ಪದ ಅಧ್ಯಯನಕ್ಕೆ ಹೆಸರಾದ ಆಗುಂಬೆಯ ಮಳೆಕಾಡು ಸಂಶೋಧನಾ ಕೇಂದ್ರವನ್ನು ಉರಗತಜ್ಞ ರೋಮುಲಸ್ ವಿಟೇಕರ್ 2005ರಲ್ಲಿ ಕಟ್ಟಿದರು. ಜಗತ್ತಿನ ಸಂಶೋಧಕರು ಅಲ್ಲಿಗೆ ಬಂದು ಹೋಗುತ್ತಾರೆ, ತೀರ್ಥಹಳ್ಳಿಯ ಬಿಎಸ್ಸಿ ಮಕ್ಕಳೇ ಹೋಗಿ ನೋಡಿಲ್ಲ ಎಂದಾಗಬಾರದು.

ಹಂತ 6: ಕಾಗದ ಪತ್ರ

ಸರ್ಕಾರಿ ಪದವಿ ಕಾಲೇಜುಗಳ ಪ್ರವೇಶ ಯುಯುಸಿಎಂಎಸ್ ಜಾಲತಾಣದ ಮೂಲಕ ನಡೆಯುತ್ತದೆ. ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಜಾಲತಾಣ. ರೈತರ ಮಕ್ಕಳು ರೈತ ವಿದ್ಯಾನಿಧಿಯ ಬಗ್ಗೆ ವಿಚಾರಿಸಿ. ಜಾತಿ ಮತ್ತು ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದೆಯೇ ಎಂದು ಮೊದಲೇ ನೋಡಿ; ನಾಡಕಚೇರಿಯಲ್ಲಿ ಜೂನ್ ತಿಂಗಳ ಸರತಿ ಉದ್ದ. ಆಧಾರ್‌ನಲ್ಲಿರುವ ಹೆಸರಿನ ಅಕ್ಷರಗಳೂ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿರುವ ಅಕ್ಷರಗಳೂ ತಾಳೆಯಾಗದಿದ್ದರೆ ವಿದ್ಯಾರ್ಥಿವೇತನ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯೂ ಆಗಿರಬೇಕು. ಸಿಇಟಿ ಸೀಟಿಗಾಗಿ ಕಾಯುತ್ತಿರುವವರು ಬಿಎಸ್ಸಿ ಪ್ರವೇಶದ ಕೊನೆಯ ದಿನಾಂಕವನ್ನೂ ಗಮನದಲ್ಲಿಡಿ. ಒಂದು ಕಡೆ ಸೇರಿ, ಸೀಟು ಸಿಕ್ಕ ಮೇಲೆ ಬಿಡಬೇಕಾದರೆ ಶುಲ್ಕ ಎಷ್ಟು ವಾಪಸ್ ಬರುತ್ತದೆ, ಮೂಲ ದಾಖಲೆಗಳನ್ನು ಎಷ್ಟು ದಿನದಲ್ಲಿ ಕೊಡುತ್ತಾರೆ ಎಂಬುದನ್ನು ಹಣ ಕಟ್ಟುವ ಮುನ್ನವೇ ಕಚೇರಿಯಲ್ಲಿ ಕೇಳಿ, ಬರೆಸಿಕೊಳ್ಳಿ.