ಗುಮ್ಮಟಕ್ಕೆ ಚಿನ್ನ ಬೇಡ: ಹಳೆಯ ಜೆರುಸಲೇಮನ್ನು ಜಲವರ್ಣದಲ್ಲಿ ಬರೆಯುವ ಬಗೆ

ಎಣ್ಣೇಮರಗಳ (ಆಲಿವ್) ಗುಡ್ಡದಿಂದ ಕಾಣುವ ಜೆರುಸಲೇಮನ್ನು 19ನೇ ಶತಮಾನದ ಧಾಟಿಯಲ್ಲಿ ಬರೆಯಲು ಕೂತವರು ಅಲ್ಲಿನ ‘ಡೋಮ್ ಆಫ್ ದಿ ರಾಕ್’ ಗುಮ್ಮಟಕ್ಕೆ ಚಿನ್ನದ ಬಣ್ಣ ಬಳಿದುಬಿಡುತ್ತಾರೆ. ಆಗ ಅದರ ಮೇಲಿದ್ದದ್ದು ಸೀಸದ ಹೊದಿಕೆ. ಈಗಿನ ಹೊಳಪು 20ನೇ ಶತಮಾನದ್ದು. 1839ರಲ್ಲಿ ಹೋದ ಡೇವಿಡ್ ರಾಬರ್ಟ್ಸ್, 1858ರಲ್ಲಿ ಹೋದ ಎಡ್ವರ್ಡ್ ಲಿಯರ್ ಎಂಬ ಚಿತ್ರಕಾರರು ಕಂಡದ್ದು ಮಂಕು ಬೂದು ಗುಮ್ಮಟ.

300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಹತ್ತಿ ಕಾಗದ, ಸುಮಾರು 38×28 ಸೆಂ.ಮೀ. ಸಾಕು. ಐದು ನಿಮಿಷ ನೆನೆಸಿ, ಗಮ್ ಟೇಪಿನಿಂದ ಹಲಗೆಗೆ ಅಂಟಿಸಿ, ಮಲಗಿಸಿಯೇ ಒಣಗಿಸಿ. ನಿಲ್ಲಿಸಿದರೆ ನೀರು ಕೆಳಗಿಳಿದು ಕಾಗದ ಒಂದೇ ಸಮನಾಗಿ ಬಿಗಿಯುವುದಿಲ್ಲ.

ಪೆನ್ಸಿಲ್ ಕೆಲಸ ಹಗುರಾಗಿರಲಿ. ದಿಗಂತ ಮೇಲಿನ ಮೂರನೇ ಒಂದು ಭಾಗದಲ್ಲಿ, ಅದರ ಕೆಳಗೆ ಕೋಟೆಗೋಡೆ, ಮುಂದೆ ಕಿದ್ರೋನ್ ಹಳ್ಳ. ಗೋಡೆಯ ತೆನೆಗಳನ್ನೆಲ್ಲ ಎಣಿಸಿ ಬರೆಯಬೇಡಿ, ನಾಲ್ಕೈದು ಕಡೆ ತೋರಿಸಿದರೆ ಮಿಕ್ಕದ್ದನ್ನು ಕಣ್ಣೇ ತುಂಬಿಕೊಳ್ಳುತ್ತದೆ.

ಹಲಗೆಯನ್ನು 15 ಡಿಗ್ರಿ ಓರೆ ಮಾಡಿ, ತೆಳು ಯೆಲ್ಲೋ ಆಕರ್‌ಗೆ (ಮಣ್ಣಿನ ಹಳದಿ) ಚೂರು ಲೈಟ್ ರೆಡ್ (ಇಟ್ಟಿಗೆಗೆಂಪು) ಬೆರೆಸಿ ಇಡೀ ಹಾಳೆಗೆ ಹರಿಸಿ. ಸುಣ್ಣಕಲ್ಲಿನ ಊರಿಗೆ ಮೈಬಣ್ಣ ಕೊಡುವುದು ಇದೇ. ಪೂರ್ತಿ ಒಣಗುವವರೆಗೆ ಕೈ ಇಡಬೇಡಿ. ಅಂಗೈ ಹಿಂಬದಿಗೆ ತಂಪು ತಾಗಿದರೆ ಇನ್ನೂ ಹಸಿ ಎಂದೇ ಲೆಕ್ಕ. ಅರೆ ಒಣಗಿದ ಬಣ್ಣದ ಮೇಲೆ ನೀರುನೀರಾದ ಬ್ರಷ್ ಇಟ್ಟರೆ ಹೂಕೋಸಿನಂಥ ಅಂಚು ಏಳುತ್ತದೆ, ಮತ್ತೆ ಅಳಿಸಲಾಗದು.

ಆಕಾಶಕ್ಕೆ ಕೋಬಾಲ್ಟ್ ಬ್ಲೂ: ಮೇಲೆ ಗಾಢ, ದಿಗಂತದತ್ತ ಬರಿಯ ನೀರು. ಹಳೆಯ ಜಲವರ್ಣಗಳಲ್ಲಿ ಕಾಣುವ ಕೆಂಚು ಆಕಾಶವನ್ನು ನಕಲು ಮಾಡಹೋಗಬೇಡಿ. ಎಷ್ಟೋ ಚಿತ್ರಗಳಲ್ಲಿ ಅದು ಸಂಜೆಯಲ್ಲ: ಬೂದು ಬಣ್ಣ ಬರಲೆಂದು ಕೆಂಪಿಗೆ ಬೆರೆಸಿದ್ದ ನೀಲಿ ಬೆಳಕಿಗೆ ಮಾಸಿ, ಕೆಂಪು ಮಾತ್ರ ಉಳಿದದ್ದು.

ನೆರಳಿಗೆ ಕೋಬಾಲ್ಟ್ ಮತ್ತು ಲೈಟ್ ರೆಡ್, ಎರಡೇ. ಮೂರನೆಯದು ಸೇರಿದರೆ ಕೆಸರು. ಈ ಗುಡ್ಡದಿಂದ ನೋಟ ಪಡುವಣಕ್ಕೆ. ಮುಂಜಾನೆ ಕಳೆದ ಮೇಲೆ ಬೆಳಕು ಎಡಬೆನ್ನಿನಿಂದ ಬೀಳುತ್ತದೆ, ಹಾಗಾಗಿ ಗುಮ್ಮಟದ ಬಲಮಗ್ಗುಲು ಕಪ್ಪಾಗಲಿ. ಅದೇ ಮಿಶ್ರಣದಲ್ಲಿ ನೀಲಿ ಹೆಚ್ಚಿಸಿದರೆ ಸೀಸದ ಬಣ್ಣ ಸಿಗುತ್ತದೆ. ಎಡಕ್ಕೆ ಕೂದಲೆಳೆಯಷ್ಟು ಮೊದಲ ಲೇಪ ಹಾಗೇ ಉಳಿಸಿ. ಕೆಳಗಿನ ಎಂಟು ಮೂಲೆಯ ಕಟ್ಟಡದ ಹೆಂಚುಬಿಲ್ಲೆಗಳಿಗೆ ತುಸು ಶುದ್ಧ ಕೋಬಾಲ್ಟ್.

ಮುಂದಿನ ಎಣ್ಣೇಮರಗಳಿಗೆ ಹಸಿರು ಟ್ಯೂಬ್ ಬೇಡ. ಇಂಡಿಗೋ (ಕಡುನೀಲಿ), ಬರ್ಂಟ್ ಸಿಯೆನಾ (ಕೆಂಗಂದು) ಸೇರಿಸಿ ಒಣ ಬ್ರಷ್‌ನಿಂದ ಉಜ್ಜಿ. ಎಲೆಯ ಬೆಳ್ಳಿಮಿಂಚಿಗೆ ಕೊನೆಯಲ್ಲಿ ಚೈನೀಸ್ ವೈಟ್ ಎಂಬ ದಟ್ಟ ಬಿಳಿಯ ಒಂದೆರಡು ಚುಕ್ಕಿ ಹಾಕಬಹುದು, 1834ರಿಂದಲೇ ಮಾರಾಟದಲ್ಲಿದ್ದ ಬಣ್ಣವದು. ಅದನ್ನು ನೆರಳಿಗೆ ಬೆರೆಸಿದಿರೋ, ನೆರಳೆಲ್ಲ ಸೀಮೆಸುಣ್ಣ.