ವಿಮಾನದಲ್ಲಿ ಪುಕ್ಕಟೆ ಬಿಸಿನೆಸ್ ಕ್ಲಾಸ್: ಕೋಟು ಹಾಕಿದರೆ ಸಿಗಲ್ಲ

ಏಪ್ರಿಲ್ ಬಿಸಿಲಿನಲ್ಲಿ ಕಲಬುರಗಿಯಿಂದ ಕೋಟು ಹಾಕಿಕೊಂಡು ಹೊರಟವರನ್ನು ನೋಡಿದ್ದೀರಾ? ನಾನು ನೋಡಿದ್ದೇನೆ. ಅವರು ನನ್ನ ಸೋದರಮಾವ. ತೊಗರಿ ಬೇಳೆ ವ್ಯಾಪಾರಕ್ಕೆ ತಿಂಗಳಿಗೊಮ್ಮೆ ದುಬೈಗೆ ಹೋಗಿ ಬರುವವರು. ಆ ಸಲ ನಾನೂ ಜೊತೆಗಿದ್ದೆ. ಕೋಟು ಹಾಕಿದವರನ್ನು ಬಿಸಿನೆಸ್ ಕ್ಲಾಸಿಗೆ ಕಳಿಸ್ತಾರೆ ಅಂತ ಯಾವುದೋ ವಿಡಿಯೊದಲ್ಲಿ ನೋಡಿದ್ದರಂತೆ. ಕೈಯಲ್ಲಿ ಮಾಲಪುರಿ ಡಬ್ಬಿ ಬೇರೆ, ಕೌಂಟರಿನ ಹುಡುಗಿಗೆ ಕೊಡಲು. ‘ಮಾಮಾ, ಅದನ್ನ ದುಬೈ ಪಾರ್ಟಿಗೆ ಕೊಡ್ರಿ’ ಅಂದೆ. ಕೇಳಲಿಲ್ಲ. ಹೈದರಾಬಾದಿನ ಶಂಶಾಬಾದ್ ವಿಮಾನ ನಿಲ್ದಾಣದಲ್ಲಿ ಆ ಹುಡುಗಿ ನಕ್ಕು ಡಬ್ಬಿ ವಾಪಸ್ ಕೊಟ್ಟಳು. ಜೊತೆಗೆ 38-ಇ ಸೀಟು. ನಡುವಿನದು.

ಟಿಕೆಟ್ ಬುಕ್ ಮಾಡುವುದೇ ನನ್ನ ಹೊಟ್ಟೆಪಾಡು. ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯ ನನ್ನ ಅಂಗಡಿಗೆ ಬರುವ ಹತ್ತರಲ್ಲಿ ಒಬ್ಬರಾದರೂ ಈ ಅಪ್‌ಗ್ರೇಡ್ ಬಗ್ಗೆ, ಅಂದರೆ ಅಗ್ಗದ ಎಕಾನಮಿ ಟಿಕೆಟ್ಟಿಗೆ ಮುಂದಿನ ದುಬಾರಿ ಬಿಸಿನೆಸ್ ಸೀಟು ಸಿಗುವುದರ ಬಗ್ಗೆ ಕೇಳುತ್ತಾರೆ. ಕೇಳಿದವರೆಲ್ಲ ತಪ್ಪು ಜಾಗದಲ್ಲಿ ಶ್ರಮ ಹಾಕುತ್ತಾರೆ.

ಮೊದಲು, ಇರುವ ಸೀಟಿಗಿಂತ ಜಾಸ್ತಿ ಟಿಕೆಟ್ ಯಾಕೆ ಮಾರುತ್ತಾರೆ ಅಂತ ತಿಳಿಯಬೇಕು. ನಮ್ಮ ಮದುವೆ ಮನೆಯ ಅಂದಾಜೇ ಇದು. ಸಾವಿರ ಕಾರ್ಡ್ ಹಂಚಿದವರು ಎಂಟುನೂರು ಮಂದಿಗೆ ಅಡುಗೆ ಮಾಡಿಸುತ್ತಾರೆ ಅಲ್ವಾ? ವಿಮಾನಕ್ಕೂ ಕೆಲವರು ಬರುವುದಿಲ್ಲ. ಹಿಂದಿನ ವಿಮಾನ ತಡವಾಗುತ್ತೆ, ವೀಸಾ ಸಿಕ್ಕಿರಲ್ಲ. ಹಳೆಯ ಲೆಕ್ಕ ನೋಡಿ ಕಂಪ್ಯೂಟರ್ ಅಷ್ಟು ಟಿಕೆಟ್ ಜಾಸ್ತಿ ಬಿಡುತ್ತದೆ. ಒಮ್ಮೊಮ್ಮೆ ಎಲ್ಲರೂ ಬಂದುಬಿಡುತ್ತಾರೆ. ಎಕಾನಮಿಯಲ್ಲಿ ನಾಲ್ಕು ಜನ ಜಾಸ್ತಿ, ಮುಂದೆ ಬಿಸಿನೆಸ್‌ನಲ್ಲಿ ನಾಲ್ಕು ಸೀಟು ಖಾಲಿ ಅಂದರೆ ನಾಲ್ವರನ್ನು ಮುಂದಕ್ಕೆ ಕಳಿಸುತ್ತಾರೆ. ಬೀಗರ ಪಂಗ್ತಿಯಲ್ಲಿ ಎಲೆ ಖಾಲಿ ಇವೆ ಅಂತ ಮನೆಯವರನ್ನೇ ಕೂರಿಸಿದ ಹಾಗೆ. ಯಾರನ್ನೋ ಬಿಟ್ಟು ಹೋಗಿ ಪರಿಹಾರ ಕೊಡುವುದಕ್ಕಿಂತ ಇದು ಅಗ್ಗ.

ಯಾರನ್ನು ಕಳಿಸಬೇಕು ಅನ್ನುವುದಕ್ಕೆ ಒಂದು ಪಟ್ಟಿ ಇರುತ್ತದೆ. ಕಂಪ್ಯೂಟರ್ ಮಾಡಿದ್ದು. ಮೇಲಿನಿಂದ ಓದಿದರೆ ಅಪ್‌ಗ್ರೇಡ್ ಆಗುವವರು. ಹೆಚ್ಚುಕಮ್ಮಿ ಅದೇ ಪಟ್ಟಿಯನ್ನು ಕೆಳಗಿನಿಂದ ಓದಿದರೆ, ಎಲ್ಲೂ ಸೀಟು ಉಳಿಯದಿದ್ದಾಗ ನೆಲದ ಮೇಲೇ ಉಳಿಯುವವರು. 2017ರ ಏಪ್ರಿಲ್‌ನಲ್ಲಿ ಶಿಕಾಗೋದಲ್ಲಿ ಯುನೈಟೆಡ್ ವಿಮಾನದಿಂದ ಒಬ್ಬ ಪ್ರಯಾಣಿಕರನ್ನು ಎಳೆದು ಹೊರಗೆ ಹಾಕಿದರಲ್ಲ, ಅವರ ಹೆಸರನ್ನು ಆರಿಸಿದ್ದು ಇಂಥ ಲೆಕ್ಕವೇ. ಹಾಗಾಗಿ ಪುಕ್ಕಟೆ ಸೀಟಿನ ಆಸೆ ಇಲ್ಲದವರೂ ಈ ಪಟ್ಟಿಯಲ್ಲಿ ನಾಲ್ಕು ಮೆಟ್ಟಿಲು ಮೇಲಿರುವುದು ಒಳ್ಳೆಯದು.

ಹೆಜ್ಜೆ 1: ವಿಮಾನದಲ್ಲಿ ಬಿಸಿನೆಸ್ ಕ್ಲಾಸ್ ಇದೆಯೇ ನೋಡಿ. ನಗಬೇಡಿ. ಎಪ್ಪತ್ತು ಸೀಟಿನ ಎಟಿಆರ್ ವಿಮಾನದಲ್ಲಿ ಅಪ್‌ಗ್ರೇಡ್ ಕೊಡಿಸಿ ಅಂತ ಕೇಳಿದವರು ನನಗೆ ಗೊತ್ತು. ನಮ್ಮಲ್ಲಿ ಓಡುವ ಎಟಿಆರ್‌ನಲ್ಲಿ ಎಲ್ಲವೂ ಒಂದೇ ಕ್ಲಾಸು. ಹತ್ತುವುದು ಹಿಂದಿನ ಬಾಗಿಲಿನಿಂದ, ಮುಂದೆ ಇರುವುದು ಲಗೇಜು.

ಹೆಜ್ಜೆ 2: ವಿಮಾನ ಕಂಪನಿಯ ಖಾಯಂ ಗಿರಾಕಿ ಯೋಜನೆಯ (ಫ್ರೀಕ್ವೆಂಟ್ ಫ್ಲೈಯರ್) ಸದಸ್ಯತ್ವದ ನಂಬರ್ ಟಿಕೆಟ್ಟಿಗೆ ಸೇರಿಸಿ. ಎಲ್ಲರೂ ಎಡವುವುದು ಇಲ್ಲೇ, ನಿಧಾನವಾಗಿ ಓದಿ.

ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ ಇರುವುದು ಆ ಕಂಪನಿಯ ಖಾಯಂ ಗಿರಾಕಿಗಳು. ಪ್ಲಾಟಿನಂ, ಆಮೇಲೆ ಗೋಲ್ಡ್, ಆಮೇಲೆ ಸಿಲ್ವರ್, ಕೊನೆಗೆ ಸುಮ್ನೆ ಹೆಸರು ಬರೆಸಿದವರು. ಹೆಸರೂ ಬರೆಸದವರು ಇವರೆಲ್ಲರ ಕೆಳಗೆ. ಸದಸ್ಯರಾಗಲು ಸಾಮಾನ್ಯವಾಗಿ ದುಡ್ಡು ಕೊಡಬೇಕಿಲ್ಲ. ಆದರೆ ಕಾರ್ಡ್ ಕಿಸೆಯಲ್ಲಿದ್ದರೆ ಏನೂ ಉಪಯೋಗವಿಲ್ಲ, ನಂಬರ್ ಟಿಕೆಟ್ಟಿನಲ್ಲಿ ಇರಬೇಕು. ನಮ್ಮ ಮಾಮಾನ ಕಿಸೆಯಲ್ಲಿ ಎರಡು ವರ್ಷದಿಂದ ಸಿಲ್ವರ್ ಕಾರ್ಡ್ ಇತ್ತು! ಟಿಕೆಟ್ಟಿನಲ್ಲಿ ನಂಬರ್ ಇರಲಿಲ್ಲ. ಬುಕ್ ಮಾಡಿದವನು ನಾನೇ. ಅಗ್ಗ ಸಿಕ್ಕಿತು ಅಂತ ಯಾವುದೋ ಆ್ಯಪಿನಲ್ಲಿ ಮಾಡಿದ್ದೆ. ನಂಬರ್ ಹಾಕಿದ್ದು ನನಗೆ ಚೆನ್ನಾಗಿ ನೆನಪಿದೆ. ಆ್ಯಪ್ ಅದನ್ನು ಕಂಪನಿಗೆ ಕಳಿಸಿರಲೇ ಇಲ್ಲ. ಅಂದಿನಿಂದ ವಿದೇಶದ ಟಿಕೆಟ್ಟಿಗೆ ಅಂಥ ಆ್ಯಪ್ ಮುಟ್ಟಿಲ್ಲ. ನೀವೂ ಮುಟ್ಟಬೇಡಿ.

ಪರೀಕ್ಷಿಸುವುದು ಹೀಗೆ. ವಿಮಾನ ಕಂಪನಿಯ ಸ್ವಂತ ವೆಬ್‌ಸೈಟಿಗೆ ಹೋಗಿ ‘ಮ್ಯಾನೇಜ್ ಬುಕಿಂಗ್’ ಒತ್ತಿ. ಆರು ಅಕ್ಷರ-ಅಂಕಿಗಳ ಪಿಎನ್‌ಆರ್ (ಬುಕಿಂಗ್ ನಂಬರ್) ಮತ್ತು ಸರ್‌ನೇಮ್ ಹಾಕಿ. ತೆರೆಯದಿದ್ದರೆ ಗಾಬರಿ ಬೇಡ. ನಿಮ್ಮ ಹತ್ತಿರ ಇರುವುದು ಏಜೆಂಟನ ಪಿಎನ್‌ಆರ್ ಇರಬಹುದು. ಕಂಪನಿಯದು ಬೇರೆ ಇರುತ್ತದೆ, ಕೇಳಿ ತಗೊಳ್ಳಿ. ತೆರೆದ ಮೇಲೆ ನಿಮ್ಮ ಹೆಸರಿನ ಕೆಳಗೆ ಸದಸ್ಯತ್ವದ ನಂಬರ್ ಕಾಣಬೇಕು. ಇಲ್ಲದಿದ್ದರೆ ಅಲ್ಲೇ ಹಾಕಿ. ಹಾಕಿದರೂ ತಗೊಳ್ಳದಿದ್ದರೆ ಹೆಸರಿನ ತಕರಾರು ಅಂತ ತಿಳಿಯಿರಿ. ನಮ್ಮ ಕಡೆ ಇದು ಜಾಸ್ತಿ. ಪಾಸ್‌ಪೋರ್ಟಿನಲ್ಲಿ ‘ಶರಣಬಸಪ್ಪ’ ಅಂತ ಪೂರ್ತಿ ಇರುತ್ತದೆ, ಸದಸ್ಯತ್ವದಲ್ಲಿ ‘ಎಸ್. ಬಿ.’ ಅಂತ. ಕೆಲವರ ಸರ್‌ನೇಮ್ ಖಾನೆಯೇ ಖಾಲಿ. ಕಂಪ್ಯೂಟರಿಗೆ ಇವರು ಇಬ್ಬರು ಬೇರೆ ಬೇರೆ ಮನುಷ್ಯರು. ಸದಸ್ಯತ್ವದ ಹೆಸರನ್ನು ಪಾಸ್‌ಪೋರ್ಟಿಗೆ ಸರಿಯಾಗಿ ತಿದ್ದಿಸಿ. ಟಿಕೆಟ್ಟಿನ ಹೆಸರನ್ನು ಕಾರ್ಡಿಗೆ ಹೊಂದಿಸಲು ಹೋಗಬೇಡಿ, ವಿಮಾನವೇ ತಪ್ಪುತ್ತದೆ.

ಹೆಜ್ಜೆ 3: ದರದ ಅಕ್ಷರ ನೋಡಿ. ಟಿಕೆಟ್ಟಿನಲ್ಲಿ ಕ್ಲಾಸ್ ಮುಂದೆ ಒಂದೇ ಒಂದು ಅಕ್ಷರ ಇರುತ್ತದೆ. ‘ವೈ’ ಅಂದರೆ ಪೂರ್ತಿ ದರದ ಎಕಾನಮಿ. ಉಳಿದವುಗಳ ಅರ್ಥ ಕಂಪನಿಯಿಂದ ಕಂಪನಿಗೆ ಬೇರೆ. ಇಬ್ಬರೂ ಸಿಲ್ವರ್ ಆಗಿದ್ದರೆ ಸಾಮಾನ್ಯವಾಗಿ ಜಾಸ್ತಿ ದುಡ್ಡು ಕೊಟ್ಟವರು ಮುಂದೆ. ಉಮ್ರಾ ಗುಂಪಿನಂಥ ಗ್ರೂಪ್ ಟಿಕೆಟ್‌ನವರು ಕೆಳಗೆ. ಹಾಗಂತ ಪುಕ್ಕಟೆ ಸೀಟಿನ ಆಸೆಗೆ ದುಬಾರಿ ಟಿಕೆಟ್ ತಗೊಂಡರೆ ಅದು ಪುಕ್ಕಟೆ ಹೇಗಾಯಿತು? ಬುಕ್ ಆದ ಮೇಲೆ ಕೆಲವು ಕಂಪನಿಗಳಿಂದ ‘ಬಿಸಿನೆಸ್ ಸೀಟಿಗೆ ಬಿಡ್ ಹಾಕಿ’ ಅಂತ ಇಮೇಲ್ ಬರುತ್ತದೆ, ಅದು ಹರಾಜೇ. ಆ ಹರಾಜು ಬಂದ ಮೇಲೆ ಪುಕ್ಕಟೆ ಸೀಟುಗಳು ಕಮ್ಮಿಯಾಗಿವೆ.

ಹೆಜ್ಜೆ 4: ಒಬ್ಬರೇ ಹೋಗುವವರಿಗೆ ಅವಕಾಶ ಜಾಸ್ತಿ. ಐದು ಜನ ಒಂದೇ ಪಿಎನ್‌ಆರ್‌ನಲ್ಲಿದ್ದರೆ ಒಬ್ಬರನ್ನು ಕಿತ್ತು ಮುಂದೆ ಕೂರಿಸಲು ಯಾರೂ ಹೋಗಲ್ಲ. ಬೇರೆ ಬೇರೆ ಪಿಎನ್‌ಆರ್ ಮಾಡಿಸಿ ಅಂತ ವಿಡಿಯೊಗಳಲ್ಲಿ ಹೇಳುತ್ತಾರೆ. ಮಕ್ಕಳಿದ್ದರೆ ಬೇಡವೇ ಬೇಡ. ವಿಮಾನ ರದ್ದಾದರೆ ತಾಯಿಗೆ ಇವತ್ತು, ಮಗುವಿಗೆ ನಾಳೆ ಟಿಕೆಟ್ ಆಗುವ ಅಪಾಯ ಇದೆ.

ಹೆಜ್ಜೆ 5: ಊಟ. ಮುಂಚೆಯೇ ವಿಶೇಷ ಊಟ ಹೇಳಿದವರನ್ನು ಕೆಲವು ಕಂಪನಿಗಳು ದಾಟಿ ಹೋಗುತ್ತವೆ. ಅವರ ಊಟ ಹಿಂದೆ ತುಂಬಿರುತ್ತದೆ, ಮುಂದೆ ಇರಲ್ಲ. ಆದರೂ ನಾನು ವೆಜ್ ಊಟ ಬಿಡಲ್ಲ.

ಹೆಜ್ಜೆ 6: ಚೆಕ್-ಇನ್ ಬೇಗ ಮಾಡಿ. ವೆಬ್ ಚೆಕ್-ಇನ್ ತೆರೆದ ಕೂಡಲೇ.

ಹೆಜ್ಜೆ 7: ಕೌಂಟರಿನಲ್ಲಿ ಒಂದೇ ಮಾತು. ‘ವಿಮಾನ ತುಂಬಿದೆಯಾ? ಸೀಟು ಬದಲಿಸಬೇಕಾಗಿ ಬಂದರೆ ನನ್ನದು ಅಡ್ಡಿಯಿಲ್ಲ.’ ಅಷ್ಟೇ. ಹನಿಮೂನು, ಹುಟ್ಟುಹಬ್ಬ ಹೇಳಬೇಡಿ. ಬೋರ್ಡಿಂಗ್ ಪಾಸಿನಲ್ಲಿ ಸೀಟು ನಂಬರ್ ಇಲ್ಲದೆ ‘ಎಸ್‌ಬಿವೈ’ (ಸ್ಟ್ಯಾಂಡ್‌ಬೈ, ಅಂದರೆ ಸೀಟಿಗಾಗಿ ಕಾಯಿರಿ) ಅಂತ ಬಂದರೆ ನೀವು ಪಟ್ಟಿಯ ಕೆಳತುದಿಯಲ್ಲಿರಬಹುದು. ತಿರುಗಾಡದೆ ಗೇಟಿನ ಎದುರೇ ಕೂತಿರಿ.

ಎರಡೂ ಕ್ಲಾಸ್ ತುಂಬಿದ್ದರೆ ಮೊದಲು ‘ಯಾರಾದರೂ ನಾಳೆ ಹೋಗ್ತೀರಾ’ ಅಂತ ಕೇಳಬೇಕು, ಇದು ವಿಮಾನಯಾನ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಡಿಜಿಸಿಎಯ ನಿಯಮ. ಒಪ್ಪುವ ಮುಂಚೆ ಚೌಕಾಶಿ ಮಾಡಿ, ಬರೆದು ಕೊಡಿ ಅನ್ನಿ. ಯಾಕಂದರೆ ನೀವಾಗಿ ಒಪ್ಪಿದರೆ ಮಾತಾಡಿಕೊಂಡಷ್ಟೇ ಸಿಗುವುದು. ಒಪ್ಪದಿದ್ದರೂ ನಿಮ್ಮನ್ನು ಬಿಟ್ಟು ಹೋದರೆ ದೇಶದೊಳಗಿನ ವಿಮಾನಕ್ಕೆ ಲೆಕ್ಕ ಹೀಗಿದೆ. ಮೊದಲಿನ ವಿಮಾನ ಹೊರಡಬೇಕಿದ್ದ ಹೊತ್ತಿನಿಂದ ಒಂದು ಗಂಟೆಯೊಳಗೆ ಹೊರಡುವ ಬೇರೆ ವಿಮಾನ ಕೊಟ್ಟರೆ ಏನೂ ಇಲ್ಲ. 24 ಗಂಟೆಯೊಳಗೆ ಕೊಟ್ಟರೆ ಒಂದು ಕಡೆಯ ಮೂಲ ದರ ಮತ್ತು ಇಂಧನ ಶುಲ್ಕದ ಎರಡು ಪಟ್ಟು, ಗರಿಷ್ಠ 10,000 ರೂಪಾಯಿ. ಅದಕ್ಕೂ ತಡವಾದರೆ ನಾಲ್ಕು ಪಟ್ಟು, ಗರಿಷ್ಠ 20,000.

ಮಾಮಾನ ಹೆಸರು ತಿದ್ದಿಸಿ, ನಂಬರ್ ಸೇರಿಸಿದೆ. ಆಮೇಲೆ ನಾಲ್ಕೈದು ತಿಂಗಳು ಏನೂ ಆಗಲಿಲ್ಲ. ದೀಪಾವಳಿ ಹಿಂದಿನ ವಾರ ದುಬೈಯಿಂದ ವಾಪಸ್ ಬರುವಾಗ ಗೇಟಿನ ಯಂತ್ರ ಅವರ ಪಾಸ್ ನೋಡಿ ಕೀ ಅಂತ ಕೂಗಿ ಕೆಂಪು ದೀಪ ತೋರಿಸಿತಂತೆ. ಹಬ್ಬದ ಹೊತ್ತಿನಲ್ಲಿ ಹೀಗಾಗುವುದು ಜಾಸ್ತಿ. ಹಿಂದೆ ಮನೆಗೆ ಹೊರಟವರ ಜಾತ್ರೆ, ಮುಂದೆ ಆಫೀಸು ಮಂದಿ ಕಮ್ಮಿ. ಹಿಡಿದರು ಅಂದುಕೊಂಡು ಮಾಮಾ ಬೆವರಿದರು. ಆ ಹುಡುಗ ಹಳೇ ಪಾಸ್ ಹರಿದು ಹೊಸದು ಕೊಟ್ಟ: 8-ಕೆ. ಮೈಮೇಲೆ ಕೋಟು ಇರಲಿಲ್ಲ, ಅಂಗಿ-ಧೋತ್ರ.

ಇಳಿದ ಕೂಡಲೇ ನನಗೆ ಫೋನ್.

‘ಅಲ್ಲೋ ತಮ್ಮಾ, ಸೀಟೇನೋ ಭಾಳ ಛಲೋ ಇತ್ತು. ಆದ್ರ ನನ್ನ ವೆಜ್ ಊಟ ಹಿಂದ 41ರಾಗೇ ಉಳೀತಲ್ಲೋ!’