ಯಾವ ಕಸ್ಟಮರ್‌ಗೂ ಕಾಲು ಭಾಗಕ್ಕಿಂತ ಜಾಸ್ತಿ ಇಲ್ಲ: ಪೀಣ್ಯದ ಜಾಬ್ ವರ್ಕ್‌ನಲ್ಲಿ ನನ್ನ ಅನುಭವ

ಜಾಬ್ ವರ್ಕ್ ಅಂದರೆ ಬೇರೆ ಕಂಪನಿಗಳ ಆರ್ಡರ್ ಮೇಲೆ ಅವರ ಪಾರ್ಟ್‌ಗಳನ್ನು ಮಾಡಿಕೊಡುವುದು. ದೊಡ್ಡ ಕಂಪನಿ ಒಂದು ಸಿಕ್ಕರೆ ಸಾಕು, ಮಷೀನ್ ನಿಲ್ಲುವುದಿಲ್ಲ ಅಂತ ಪೀಣ್ಯದಲ್ಲಿ ಎಲ್ಲರೂ ಹೇಳುತ್ತಾರೆ. ನಾನು ಒಪ್ಪಲಿಲ್ಲ. ವರ್ಷದ ಬಿಲ್ಲಿಂಗ್‌ನಲ್ಲಿ ಯಾವ ಕಸ್ಟಮರ್ ಪಾಲೂ ಕಾಲು ಭಾಗ ದಾಟಬಾರದು, ಇದೇ ನನ್ನ ನಿಯಮ. 2010ರ ಸುಮಾರಿಗೆ ಇದನ್ನು ಹಿಡಿದಾಗ ಪಕ್ಕದ ಶೆಡ್‌ನವರು, "ಬಾಗಿಲಿಗೆ ಬಂದ ಲಕ್ಷ್ಮೀನ ಒದೀತಿದೀರಲ್ಲ ಸಾರ್" ಅಂದರು. ನಮ್ಮ ಆಡಿಟರ್‌ಗೂ ಇಷ್ಟವಾಗಲಿಲ್ಲ. ಆಗ ಎರಡು ಸಿಎನ್‌ಸಿ (ಕಂಪ್ಯೂಟರ್‌ನಿಂದ ಓಡುವ, ಲೋಹ ಕತ್ತರಿಸುವ ಮಷೀನ್) ಇತ್ತು, ಈಗ ಒಂಬತ್ತು ಇವೆ. ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ.

2008–09ರಲ್ಲಿ ನಮ್ಮ ಕೆಲಸದ ಮುಕ್ಕಾಲು ಪಾಲು ವಾಹನದ ಬಿಡಿಭಾಗದ ಒಂದೇ ಕಂಪನಿಯದ್ದು. ಆರ್ಥಿಕ ಹಿಂಜರಿತ ಬಂತು, ಅವರ ಆರ್ಡರ್ ಅರ್ಧಕ್ಕೆ ಇಳಿಯಿತು. ಇಎಂಐ ಮಾತ್ರ ಇಳಿಯಲಿಲ್ಲ. ಬ್ಯಾಂಕಿನ ಓವರ್‌ಡ್ರಾಫ್ಟ್ ಮಿತಿ ತುಂಬಿತ್ತು, ಹಳೆ ಬಿಲ್‌ಗಳ ದುಡ್ಡೂ ನಾಲ್ಕೈದು ತಿಂಗಳು ಬರಲಿಲ್ಲ. ಗಟ್ಟಿಯಾಗಿ ಕೇಳುವ ಹಾಗೂ ಇರಲಿಲ್ಲ. ಕೇಳಿದರೆ ಇರುವ ಅರ್ಧವೂ ಹೋಗುತ್ತಿತ್ತು.

ನಿಯಮ ಹಿಡಿದ ಮೊದಲ ವರ್ಷ ಟರ್ನೋವರ್ ಶೇ. 15ರಷ್ಟು ಬಿತ್ತು. ತಿಂಗಳಿಗೆ ಏಳೆಂಟು ಲಕ್ಷದ ಆರ್ಡರ್ ಒಂದನ್ನು ಬಿಟ್ಟೆ. ಅದಕ್ಕಿಂತ ದೊಡ್ಡ ತಲೆನೋವು ಸೆಟ್ಟಿಂಗ್, ಅಂದರೆ ಮಷೀನನ್ನು ಬೇರೆ ಪಾರ್ಟ್‌ಗೆ ಸಜ್ಜು ಮಾಡುವುದು. ಕಸ್ಟಮರ್ ಜಾಸ್ತಿ ಆದರೆ ಲಾಟ್ (ಒಂದು ಸಲಕ್ಕೆ ಮಾಡುವ ಪೀಸುಗಳು) ಚಿಕ್ಕದಾಗುತ್ತದೆ, ದಿನಕ್ಕೆ ಮೂರು ನಾಲ್ಕು ಸಲ ಸೆಟ್ಟಿಂಗ್ ಬದಲಾಗುತ್ತದೆ. ಒಂದೊಂದಕ್ಕೂ ಎರಡು ಗಂಟೆ ಹೋಗುತ್ತಿತ್ತು. ಪ್ರತಿ ಪಾರ್ಟ್‌ಗೂ ಬೇರೆ ಸಾಫ್ಟ್ ಜಾ (ಪಾರ್ಟ್ ಹಿಡಿಯುವ ಹಿಡಿಕೆ) ಮಾಡಿಸಿ, ನಂಬರ್ ಹೊಡೆದು ರ್‍ಯಾಕಿನಲ್ಲಿಟ್ಟೆವು. ಜೊತೆಗೆ ಟೂಲ್ ಲಿಸ್ಟ್, ಅಳತೆ ನೋಡುವ ಗೇಜ್, ಮೊದಲ ಪೀಸಿನ ರಿಪೋರ್ಟ್. ಈಗ ಮುಕ್ಕಾಲು ಗಂಟೆಯೊಳಗೆ ಮುಗಿಯುತ್ತದೆ. ಈ ರ್‍ಯಾಕ್ ಮಾಡಿದ್ದು ನಮ್ಮ ಹುಡುಗರೇ. ಯಾವುದು ಎಲ್ಲಿದೆ ಅಂತ ಎಲ್ಲರಿಗೂ ಗೊತ್ತು, ಹಾಗಾಗಿ ಒಬ್ಬ ಸೆಟ್ಟರ್ ರಜೆ ಹಾಕಿದರೆ ಮಷೀನ್ ನಿಲ್ಲುವುದೂ ತಪ್ಪಿತು. ಚಿಕ್ಕ ಲಾಟ್‌ಗೆ ಸೆಟ್ಟಿಂಗ್ ಖರ್ಚನ್ನು ಕೊಟೇಷನ್‌ನಲ್ಲಿ ಹೇಗೆ ಸೇರಿಸುತ್ತೇನೆ ಅನ್ನೋದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ನಮ್ಮ ಲಾಭ ಇರುವುದೇ ಅಲ್ಲಿ.

ನಡುವೆ ಸ್ವಂತ ಪ್ರಾಡಕ್ಟ್ ಪ್ರಯತ್ನವನ್ನೂ ಮಾಡಿದೆವು. ಬೋರ್‌ವೆಲ್ ಪಂಪಿನ ಸ್ಲೀವ್, ನಮ್ಮದೇ ಹೆಸರಿನಲ್ಲಿ. ಮಾಲು ಚೆನ್ನಾಗಿತ್ತು, ಆದರೆ ಡೀಲರ್‌ಗಳು ಮೂರು ತಿಂಗಳು ಉದ್ದರಿ ಕೇಳಿದರು. ಐದಾರು ಲಕ್ಷ ಸ್ಟಾಕಿನಲ್ಲೇ ಕೂತಿತು. ಕೊನೆಗೆ ಒಂದಷ್ಟು ಗುಜರಿಗೆ ಹೋಯಿತು. ಅಡಿಕೆ ಸುಲಿಯುವ ಯಂತ್ರದ ಭಾಗಗಳು ಮಾತ್ರ ಕೈ ಹಿಡಿದವು. ಕೊಯ್ಲಿಗೆ ಮುಂಚೆ ಮಲೆನಾಡಿನ ಕಡೆಯಿಂದ ಆರ್ಡರ್ ಬರುತ್ತದೆ, ವಾಹನದ ಮಾರ್ಕೆಟ್ ಬಿದ್ದರೂ ಅದಕ್ಕೇನೂ ಆಗುವುದಿಲ್ಲ.

2019ರಲ್ಲಿ ವಾಹನ ಮಾರಾಟ ಕುಸಿಯಿತು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್, ಏಪ್ರಿಲ್ 1ರಿಂದ ವಾಹನದ ಹೊಗೆಗೆ ಹೊಸ ಬಿಎಸ್-6 ನಿಯಮ. ನಮ್ಮ ಇಬ್ಬರು ವಾಹನದ ಕಸ್ಟಮರ್‌ಗಳು ಪೂರ್ತಿ ನಿಂತರು. ಆದರೆ ಇಬ್ಬರೂ ಸೇರಿ ನಮ್ಮ ಕೆಲಸದ ಶೇ. 40 ಅಷ್ಟೇ. ಶೆಡ್ ತೆರೆದ ಮೇಲೆ ವೈದ್ಯಕೀಯ ಸಲಕರಣೆಯವರ ಹಿತ್ತಾಳೆ ಫಿಟ್ಟಿಂಗ್ ಎರಡು ಶಿಫ್ಟ್ ಓಡಿತು. ನಾಲ್ಕು ತಿಂಗಳ ಸಂಬಳ ಮತ್ತು ಇಎಂಐ ಎಫ್‌ಡಿಯಲ್ಲಿತ್ತು, ಅದರಲ್ಲಿ ಅರ್ಧದಷ್ಟೇ ತೆಗೆದೆವು. ಯಾರನ್ನೂ ಮನೆಗೆ ಕಳಿಸಲಿಲ್ಲ. ಇವತ್ತಿಗೂ ಇದು ನನಗೆ ಹೆಮ್ಮೆಯ ವಿಷಯ.

ಈ ನಿಯಮದ ನಿಜವಾದ ಲಾಭ ವಸೂಲಿಯಲ್ಲಿದೆ. ಸಣ್ಣ ಉದ್ದಿಮೆಗಳಿಗಾಗಿ ಇರುವ 2006ರ ಎಂಎಸ್‌ಎಂಇಡಿ ಕಾಯ್ದೆ ಪ್ರಕಾರ ನಮ್ಮ ಬಿಲ್ಲಿನ ದುಡ್ಡು 45 ದಿನ ದಾಟಿದರೆ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ಚಕ್ರಬಡ್ಡಿ. 2017ರಿಂದ ಇದಕ್ಕೆ ಆನ್‌ಲೈನ್ ದೂರು ಹಾಕಲು ಸಮಾಧಾನ್ ಪೋರ್ಟಲ್ಲೂ ಇದೆ. ಆದರೆ ಶೇ. 80 ಕೆಲಸ ಕೊಡುವವನ ಮೇಲೆ ಯಾರು ದೂರು ಹಾಕುತ್ತಾರೆ? ಶೇ. 18 ಇದ್ದವರ ಮೇಲೆ ನಾನು ಹಾಕಿದೆ. ವಿಚಾರಣೆಗೆ ಮುಂಚೆಯೇ ಅಸಲು ಬಂತು, ಬಡ್ಡಿ ಬಿಟ್ಟುಕೊಟ್ಟೆ. ಅವರು ಈಗಲೂ ಕಸ್ಟಮರ್, ಸರಿಯಾಗಿ ದುಡ್ಡು ಕೊಡುತ್ತಾರೆ. ಆಮೇಲೆ ಆದಾಯ ತೆರಿಗೆ ಕಾಯ್ದೆಯಲ್ಲಿ 43ಬಿ(ಎಚ್) ಬಂತು. ನಮ್ಮಂಥ ಸಣ್ಣವರಿಗೆ ಸಮಯಕ್ಕೆ ಕೊಡದಿದ್ದರೆ ಆ ವರ್ಷ ಅದನ್ನು ಖರ್ಚಲ್ಲಿ ತೋರಿಸುವಂತಿಲ್ಲ. ಹಾಗಾಗಿ ಮಾರ್ಚ್‌ನಲ್ಲಿ ಕಸ್ಟಮರ್‌ಗಳೇ ಫೋನ್ ಮಾಡುತ್ತಾರೆ.

ಸದ್ಯಕ್ಕೆ ಒಬ್ಬರು ಶೇ. 27ಕ್ಕೆ ಬಂದಿದ್ದಾರೆ. ಅವರ ಒಪ್ಪಿಗೆ ತೆಗೆದುಕೊಂಡು ಎರಡು ಪಾರ್ಟ್‌ಗಳನ್ನು ಹಿಂದಿನ ರಸ್ತೆಯ ಶೆಡ್‌ಗೆ ಕೊಡಿಸುತ್ತಿದ್ದೇನೆ. ಮೊದಲ ಲಾಟ್ ಪಾಸಾಗುವವರೆಗೆ ಗೇಜ್ ನಮ್ಮದೇ.